ಕ್ಯಾಥೊಲಿಕರು ಸಂತರ ಮೂಳೆಗಳನ್ನು ಪೂಜಿಸುವುದು ಮೂಢನಂಬಿಕೆಯಲ್ಲವೇ? ಈ ಮೊಬೈಲ್ ಕಾಲದಲ್ಲೂ ಅದು ಬೇಕೇ?

ಮಂಗಳೂರಿನ ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವನು ನಾನು. ನಿಮ್ಮ ಪ್ರಶ್ನೆಯ ಅರ್ಧ ತೊಡಕು ‘ಪೂಜೆ’ ಎಂಬ ಪದದ್ದು. ಕನ್ನಡದಲ್ಲಿ ದೇವರಿಗೂ ಪೂಜೆ, ಆಯುಧಕ್ಕೂ ಪೂಜೆ, ಹೊಸ ಕಾರಿಗೂ ಪೂಜೆ. ನಮ್ಮಲ್ಲಿ ಆರಾಧನೆ ದೇವರೊಬ್ಬನಿಗೇ. ಸಂತರ ಅವಶೇಷಕ್ಕೆ ಸಲ್ಲುವುದು ಗೌರವ ಮಾತ್ರ. ಭಕ್ತರು ಈ ಗೆರೆ ದಾಟುವುದೇ ಇಲ್ಲ ಅನ್ನಲಾರೆ, ದಾಟುತ್ತಾರೆ. ಆದರೆ ದೇಹವೆಂದರೆ ಬಿಟ್ಟುಹೋಗುವ ಬಾಡಿಗೆ ಮನೆ ಎಂದು ನಾವು ನಂಬುವುದಿಲ್ಲ, ಲೋಕದ ಕೊನೆಯ ದಿನ ಅದೂ ಎದ್ದು ಬರುತ್ತದೆ ಎನ್ನುತ್ತೇವೆ. ಆ ಮೂಳೆಗೆ ಬೆಲೆ ಬಂದದ್ದು ಅದರಿಂದ.

ಬೆಲೆ ಅಂದಕೂಡಲೇ ವ್ಯಾಪಾರವೂ ಹುಟ್ಟುತ್ತದೆ. ಅವಶೇಷ ಮಾರುವುದು ಮಹಾಪಾಪ ಎಂದು ಚರ್ಚಿನ ಕಾನೂನಿನ 1190ನೇ ವಿಧಿ ಹೇಳುತ್ತದೆ. ಆದರೂ 2025ರಲ್ಲಿ, ಅದೇ ವರ್ಷ ಸಂತನೆಂದು ಘೋಷಿತನಾದ ಇಟಲಿಯ ಹುಡುಗ ಕಾರ್ಲೊ ಅಕುಟಿಸ್‌ನ ಕೂದಲೆಂದು ಹೇಳಿಕೊಂಡದ್ದನ್ನು ಆನ್‌ಲೈನಿನಲ್ಲಿ ಹರಾಜಿಗಿಟ್ಟರು. ಅವನ ದೇಹವಿರುವ ಅಸ್ಸಿಸಿಯ ಬಿಷಪರು ಪೊಲೀಸರ ಮೊರೆಹೋಗಬೇಕಾಯಿತು. ವಾರಕ್ಕೆ ಒಂದೇ ಗಂಟೆ ವಿಡಿಯೊ ಗೇಮ್ ಎಂದು ತನಗೆ ತಾನೇ ಮಿತಿ ಹಾಕಿಕೊಂಡಿದ್ದ ಹುಡುಗ ಅವನು. 2006ರಲ್ಲಿ 15ನೇ ವಯಸ್ಸಿಗೇ ತೀರಿಕೊಂಡ.

ಇನ್ನು ಮೊಬೈಲಿನ ಮಾತು. 2024ರ ಡಿಸೆಂಬರಿನಲ್ಲಿ ಅಮ್ಮನನ್ನು ಕರೆದುಕೊಂಡು ರೈಲಿನಲ್ಲಿ ಕರ್ಮಲಿಗೆ ಇಳಿದು, ಹಳೇ ಗೋವಾಕ್ಕೆ ಹೋಗಿದ್ದೆ. ಗೋವಾದಿಂದ ಜಪಾನಿನ ತನಕ ಧರ್ಮ ಸಾರಿದ ಸಂತ ಫ್ರಾನ್ಸಿಸ್ ಕ್ಸೇವಿಯರ್ ಚೀನಾದ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡದ್ದು 1552ರಲ್ಲಿ. ದೇಹ ಗೋವಾಕ್ಕೆ ಬಂದದ್ದು 1554ರಲ್ಲಿ. 1614ರಲ್ಲಿ ಬೇರ್ಪಡಿಸಿದ ಬಲಗೈಯ ಮೊಣಕೈ ಕೆಳಗಿನ ಭಾಗ ರೋಮಿನಲ್ಲಿದೆ. ಹತ್ತು ವರ್ಷಕ್ಕೊಮ್ಮೆ ಮಾತ್ರ ಬೊಂ ಜೆಸು ಬಸಿಲಿಕಾದ ಎತ್ತರದಿಂದ ದೇಹವನ್ನು ಇಳಿಸಿ, ಎದುರಿನ ಸೆ ಕೆಥೆಡ್ರಲ್‌ನಲ್ಲಿ ಹತ್ತಿರದಿಂದ ನೋಡಲು ಇಡುತ್ತಾರೆ.

ಅದಕ್ಕೆ ಎರಡು ತಿಂಗಳ ಮೊದಲು ಗೋವಾದ ಮಾಜಿ ಆರೆಸ್ಸೆಸ್ ಮುಖಂಡರೊಬ್ಬರು ಆ ದೇಹದ ಡಿಎನ್‌ಎ ಪರೀಕ್ಷೆಯಾಗಲಿ ಎಂದಿದ್ದರು, ಮಡಗಾಂವ್‌ನಲ್ಲಿ ಜನ ರಸ್ತೆಗಿಳಿದಿದ್ದರು. ಸಾಲಿನಲ್ಲಿ ನಿಂತೇ ನಾನು ಆ ಜಗಳದ ವಿಡಿಯೊಗಳನ್ನು ಒಂದಾದ ಮೇಲೊಂದು ನೋಡುತ್ತಿದ್ದೆ. ಅವರ ಕಡೆಯವರದು ಒಂದು ಬಗೆಯ ವಿಷ. ನಮ್ಮವರ ವಾಟ್ಸಾಪ್ ಗುಂಪಿನಲ್ಲಿ ಸಂತನ ಹೆಸರು ಹಿಡಿದೇ ತಾಯಿ-ತಂಗಿಯರನ್ನು ಎಳೆದ ಬೈಗುಳ. ನಾನೂ ಒಂದು ಖಾರದ ಉತ್ತರ ಟೈಪ್ ಮಾಡಿದೆ. ಪಕ್ಕದಲ್ಲಿ ಅಮ್ಮ ಜಪಮಾಲೆಯ ಮೂರನೇ ಸುತ್ತು ಮುಗಿಸಿದ್ದಳು.

ಗಾಜಿನ ಪೆಟ್ಟಿಗೆಯ ಮುಂದೆ ಸಿಕ್ಕಿದ್ದು ಐದಾರು ಸೆಕೆಂಡು. ಕಾರ್ಯಕರ್ತರು ‘ಮುಂದೆ, ಮುಂದೆ’ ಅನ್ನುತ್ತಲೇ ಇದ್ದರು. ಹೊರಗೆ ಬಂದು ಸೋಡಾ ಕುಡಿಯುವಾಗ ಅಮ್ಮ ಕೇಳಿದಳು: “ಪಾದ ನೋಡಿದಿಯಾ? ಎಷ್ಟು ಸಣ್ಣದು, ಮಕ್ಕಳದ್ದರ ಹಾಗೆ. ಅಷ್ಟರಲ್ಲೇ ಜಪಾನಿನ ತನಕ ನಡೆದನಲ್ಲ!”

ನಾನು ನೋಡಿರಲಿಲ್ಲ. ಆ ಐದಾರು ಸೆಕೆಂಡೂ ಕಳಿಸಿದ ಉತ್ತರಕ್ಕೆ ಯಾರು ಏನಂದರೋ ಎಂಬುದೇ ತಲೆಯಲ್ಲಿತ್ತು.