ಮಲ್ಲಿಗೆಯ ಹೆದರಿಕೆಯನ್ನು ಪೂರ್ತಿ ಬರೆಯಿರಿ

ಪ್ರಿಯ ಲೇಖಕಿಯವರಿಗೆ,

ನಮಸ್ಕಾರ. 'ಹಠಮಾರಿಯನ್ನು ಪಳಗಿಸಿದೆ' ಎಂಬ ನಿಮ್ಮ ಬರಹ ಓದಿದೆ. ರೇಸಿನಿಂದ ನಿವೃತ್ತಿಯಾದ, ಥರೋಬ್ರೆಡ್ ಎಂಬ ಓಟದ ತಳಿಯ ಹೆಣ್ಣು ಕುದುರೆ ಮಲ್ಲಿಗೆಯನ್ನು ಕೊಂಡು, ಮೈಸೂರಿನ ಹತ್ತಿರದ ತೋಟದಲ್ಲಿ ಟ್ರೇನರ್ ಇಲ್ಲದೆ ನೀವೇ ಸವಾರಿಗೆ ತಯಾರು ಮಾಡಿದ ಅನುಭವ. ಕಡ್ಡಿ ಮುರಿದ ಹಾಗೆ ಹೇಳುತ್ತೇನೆ, ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಬರಹ ಇದೆ, ಅದು ನನಗೆ ಬೇಕು. ಕುದುರೆಗಳ ಜೊತೆ ಕೆಲವು ವರ್ಷ ಕಳೆದವನು ನಾನು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ಕುದುರೆ ಸಾಕುವ ಕುಣಿಗಲ್ ಸ್ಟಡ್ ಫಾರ್ಮ್, ಟಿಪ್ಪುವಿನ ಅಶ್ವದಳ, 1918ರಲ್ಲಿ, ಮೊದಲ ಮಹಾಯುದ್ಧದ ಹೈಫಾ ಕದನಕ್ಕೆ ನುಗ್ಗಿದ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಪಡೆ, ದಸರಾ ಮೆರವಣಿಗೆಯ ಪೊಲೀಸ್ ಕುದುರೆಗಳು, ಎಲ್ಲ ಬಂದಿವೆ. ಎಲ್ಲವೂ ನಮ್ಮ ಹೆಮ್ಮೆಯೇ. ಆದರೆ ಮಲ್ಲಿಗೆ ಕಾಣಿಸಿಕೊಳ್ಳುವ ಹೊತ್ತಿಗೆ ಓದುಗರು ಸುಸ್ತಾಗಿರುತ್ತಾರೆ. ಹೈಫಾದಲ್ಲಿ ಕುದುರೆಗಳು ಗುಂಡಿನ ಮಳೆಗೆ ಎದುರಾಗಿ ಓಡಿದವು. ನಿಮ್ಮ ಮಲ್ಲಿಗೆ ಗೇಟಿನ ಪಕ್ಕ ಪಟಪಟ ಅನ್ನುವ ನೀಲಿ ಟಾರ್ಪಾಲಿಗೆ ಹೆದರುತ್ತಾಳೆ. ನನಗೆ ಆ ಟಾರ್ಪಾಲು ಬೇಕು.

ಅದಕ್ಕೆ ನೀವು ಕೊಟ್ಟಿರುವುದು ಎರಡೇ ಸಾಲು. 'ಟಾರ್ಪಾಲು ಕಂಡು ನಿಂತಳು. ಎಷ್ಟು ಒದ್ದರೂ ಕದಲಲಿಲ್ಲ, ಎಂಥಾ ಹಠ!' ಅಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಿ. ಅವಳ ಕಿವಿ ಯಾವ ಕಡೆಗಿತ್ತು? ಕತ್ತು ಕಂಬದ ಹಾಗೆ ಬಿಗಿದಿತ್ತಾ? ಮೂಗಿನ ಹೊಳ್ಳೆ ಅಗಲವಾಗಿ ಬುಸ್ ಅಂದಳಾ? ಕುದುರೆಯ ಕಣ್ಣು ತಲೆಯ ಎರಡು ಪಕ್ಕದಲ್ಲಿರುತ್ತದೆ. ಸುತ್ತಲೂ ಹೆಚ್ಚುಕಡಿಮೆ ಎಲ್ಲ ಕಾಣುತ್ತದೆ, ಮೂಗಿನ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಬಿಟ್ಟು. ದೂರದ ವಸ್ತುವನ್ನು ಸರಿಯಾಗಿ ನೋಡಲು ಅವಳು ತಲೆ ಎತ್ತಬೇಕು. ನೀವು ಲಗಾಮು ಬಿಗಿ ಹಿಡಿದು ತಲೆ ಕೆಳಗೆ ತಂದಿರಿ, ಜೊತೆಗೆ ಹಿಮ್ಮಡಿಯಿಂದ ಮುಂದೆ ಹೋಗು ಅಂತ ಒದ್ದಿರಿ. ಹೆದರಿದ್ದನ್ನು ನೋಡುವುದಕ್ಕೂ ಬಿಡಲಿಲ್ಲ, ದೂರ ಹೋಗುವುದಕ್ಕೂ ಬಿಡಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಇಲ್ಲಿ ಎರಡೂ ಕಡೆಗೆ ಎಳೆದವರು ನೀವೇ.

ನೀವು ಹಠ ಅಂದ ಕಡೆಯೆಲ್ಲ ಒಂದು ಕಾರಣ ಕೂತಿದೆ. 'ಹತ್ತಲು ಹೋದರೆ ನಿಲ್ಲುವುದೇ ಇಲ್ಲ' ಎಂದಿದ್ದೀರಿ. ರೇಸ್ ಲಾಯದಲ್ಲಿ ಸವಾರ ರಿಕಾಪಿಗೆ, ಅಂದರೆ ಜೀನಿನಿಂದ ನೇತಾಡುವ ಕಾಲಿಡುವ ಬಳೆಗೆ, ಕಾಲಿಟ್ಟು ನಿಧಾನಕ್ಕೆ ಹತ್ತುವುದು ಕಡಿಮೆ. ಯಾರಾದರೂ ಅವನ ಕಾಲು ಹಿಡಿದು ಮೇಲಕ್ಕೆತ್ತುತ್ತಾರೆ, ಕುದುರೆ ನಡೆಯುತ್ತಲೇ ಇರುತ್ತದೆ. ಬೆನ್ನಿನ ಒಂದೇ ಪಕ್ಕಕ್ಕೆ ಭಾರ ಬಿದ್ದು, ಆಮೇಲೂ ಕಲ್ಲಿನಂತೆ ನಿಲ್ಲಬೇಕು ಅಂತ ಮಲ್ಲಿಗೆಗೆ ಯಾರು ಕಲಿಸಿದ್ದರು? 'ಲಗಾಮು ಎಳೆದಷ್ಟೂ ಜಾಸ್ತಿ ಓಡಿದಳು' ಎಂದೂ ಬರೆದಿದ್ದೀರಿ. ಓಟದ ಕುದುರೆ ಕಡಿವಾಣದ ಮೇಲೆ ಭಾರ ಹಾಕಿಯೇ ಓಡಲು ಕಲಿತಿರುತ್ತದೆ. ಅವಳು ತನ್ನ ಹಳೆಯ ಪಾಠವನ್ನು ನಿಮಗೆ ತಪ್ಪದೆ ಒಪ್ಪಿಸಿದ್ದಾಳೆ. ಈ ಎರಡು ವಿಷಯ ಗೊತ್ತಾದರೆ ಓದುಗರಿಗೆ ಅವಳ ಮೇಲೆ ಸಿಟ್ಟು ಬರುವುದಿಲ್ಲ, ಮುಂದೇನು ಅಂತ ಕುತೂಹಲ ಹುಟ್ಟುತ್ತದೆ.

ಇಡೀ ಬರಹದಲ್ಲಿ ನನಗೆ ತುಂಬಾ ಇಷ್ಟವಾದದ್ದು, ನೀವು ಸವಾರಿ ಮಾಡದ ಬೆಳಗ್ಗೆ. ಜೀನು ಹಾಕದೆ, ಬರೀ ಹಗ್ಗ ಹಿಡಿದು ಟಾರ್ಪಾಲಿನಿಂದ ದೂರ ನಿಂತಿರಿ. ಅವಳು ಒಂದು ಹೆಜ್ಜೆ ಇಟ್ಟಳು, ನೀವು ಹಗ್ಗ ಸಡಿಲ ಬಿಟ್ಟಿರಿ. ಮತ್ತೊಂದು ಹೆಜ್ಜೆ. ಆಮೇಲೆ ತಲೆ ಇಳಿಸಿ, ಬಾಯಿ ಚಪ್ಪರಿಸಿದಳು. ಮೂರು ಸಾಲಿನಲ್ಲಿ ಮುಗಿಸಿ ಸೀದಾ ನಾಗಾಲೋಟಕ್ಕೆ ಹೋಗಿದ್ದೀರಿ. ಅಯ್ಯೋ, ಕಲಿಕೆ ಆದದ್ದೇ ಅಲ್ಲಿ! ಕುದುರೆ ಎಳೆತದಿಂದ ಕಲಿಯುವುದಿಲ್ಲ, ಎಳೆತ ನಿಂತ ಕ್ಷಣದಿಂದ ಕಲಿಯುತ್ತದೆ. ಸರಿಯಾಗಿ ಮಾಡಿದ ತಕ್ಷಣ ಹಗ್ಗ ಸಡಿಲವಾದರೆ 'ಇದೇ ಸರಿ' ಅಂತ ಅದಕ್ಕೆ ಗೊತ್ತಾಗುತ್ತದೆ. ನಾಲ್ಕೈದು ಸೆಕೆಂಡು ತಡವಾದರೆ ಯಾವುದಕ್ಕೆ ಸಡಿಲವಾಯಿತು ಅಂತಲೇ ತಿಳಿಯುವುದಿಲ್ಲ. ನಿಮ್ಮ ಕೈಗೆ ಆ ಹೊತ್ತು ಹೇಗೆ ಸಿಕ್ಕಿತು? ಎಷ್ಟು ಸಲ ತಪ್ಪಿತು? ಎರಡು ಪುಟ ಅದಕ್ಕೇ ಕೊಡಿ. ನಾಗಾಲೋಟಕ್ಕೆ ಒಂದು ಪ್ಯಾರಾ ಸಾಕು.

ಇನ್ನು 'ಯಾರ ಸಹಾಯವೂ ಇಲ್ಲದೆ ಒಬ್ಬಳೇ' ಎಂಬ ಮಾತು. ಇದನ್ನು ನಾನು ಒಪ್ಪುವುದಿಲ್ಲ. ಲಾಯಕ್ಕೆ ಬರುವ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವರು, ಒಬ್ಬರು ನಿಮ್ಮ ಬರಹದಲ್ಲಿದ್ದಾರೆ. 'ಹುರುಳಿ, ಓಟ್ಸ್ ಕಮ್ಮಿ ಮಾಡಿ ಮೇಡಂ, ಈಗ ಓಟ ಇಲ್ಲ, ಉರಿ ಎಲ್ಲಿಗೆ ಹೋಗಬೇಕು?' ಅಂತ ಅವರು ಹೇಳುತ್ತಾರೆ. ನೀವು ಕಡಿಮೆ ಮಾಡಿ ಹುಲ್ಲು ಹೆಚ್ಚಿಸಿದ ಮೇಲೆ ಮಲ್ಲಿಗೆ ಎಷ್ಟೋ ಶಾಂತವಾದಳು. ಹಾಗಿದ್ದ ಮೇಲೆ ಒಬ್ಬಳೇ ಹೇಗಾಯಿತು? ಅವರನ್ನು ಒಳಗೆ ಕರೆಯಿರಿ, ಕೂರಿಸಿ, ಮಾತಾಡಿಸಿ. ನಿಮ್ಮ ಹಿರಿಮೆ ಕಡಿಮೆಯಾಗುವುದಿಲ್ಲ.

ಇನ್ನೊಂದು ಕಾರಣಕ್ಕೂ ಆ ಮಾತು ನನ್ನನ್ನು ಕಾಡಿತು. ಬೆಳಕು ಹರಿಯುವ ಮುಂಚೆ, ಯಾರಿಗೂ ಹೇಳದೆ, ಹೆಲ್ಮೆಟ್ ಇಲ್ಲದೆ ಹೋಗಿ ಬಿದ್ದದ್ದನ್ನು ಸಾಹಸ ಎಂಬಂತೆ ಬರೆದಿದ್ದೀರಿ. ಹೆಚ್ಚುಕಡಿಮೆ ಐನೂರು ಕೆಜಿಯ ಪ್ರಾಣಿ ಅದು. ಹೆದರಿದಾಗ ಕೆಳಗೆ ಯಾರಿದ್ದಾರೆ ಅಂತ ನೋಡುವುದಿಲ್ಲ. ಇದನ್ನು ಹದಿನಾರರ ಹುಡುಗಿ ಓದುತ್ತಾಳೆ ಅಂದುಕೊಂಡು ಆ ಪುಟವನ್ನು ಮತ್ತೆ ಬರೆಯಿರಿ. ಬಿದ್ದದ್ದನ್ನು ಮುಚ್ಚಿಡಬೇಡಿ. ನೆಲದ ಮೇಲೆ ಮಲಗಿದಾಗ ಫೋನ್ ಎಲ್ಲಿತ್ತು, ಎದ್ದು ನಿಲ್ಲಲು ಎಷ್ಟು ಹೊತ್ತಾಯಿತು, ಅದನ್ನು ಇದ್ದ ಹಾಗೆ ಹೇಳಿ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೇಷಾರವ, ಅಶ್ವಾರೋಹಣ, ಅದಮ್ಯ ಇಂಥವನ್ನೆಲ್ಲ ಬಿಡಿ. ಸೈಸ್ ಮಾತಾಡುವ ಸಾಲುಗಳಲ್ಲಿ ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ ಅಂದರೆ, ಉಳಿದದ್ದನ್ನು ಸುಮ್ನೆ ಹಾಗೇ ಬರೆಯಬಹುದಿತ್ತು.

ಎರಡು ತಿಂಗಳು ತಗೊಳ್ಳಿ, ಹೊಸ ರೂಪ ನನ್ನ ಹೆಸರಿಗೇ ಕಳಿಸಿ. ಅದಕ್ಕೆ ಮುಂಚೆ ಒಂದು ವಿಷಯ ಎರಡು ಸಾಲಿನಲ್ಲಿ ತಿಳಿಸಿ. ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಮಲ್ಲಿಗೆ ಕಿವಿ ಹಿಂದಕ್ಕೆ ಮಡಚಿ ಕಚ್ಚಲು ಬರುತ್ತಾಳೆ ಎಂದು ಬರೆದಿದ್ದೀರಲ್ಲ, ಪಶುವೈದ್ಯರಿಗೆ ತೋರಿಸಿದ್ದೀರಾ? ಓಟದ ಕುದುರೆಗಳಲ್ಲಿ ಹೊಟ್ಟೆ ಹುಣ್ಣು ತುಂಬಾ ಸಾಮಾನ್ಯ. ಜೀನು ಬೆನ್ನಿಗೆ ಒತ್ತುತ್ತಿರಬಹುದು, ಹಲ್ಲು ಚೂಪಾಗಿ ಕೆನ್ನೆಗೆ ತಾಗುತ್ತಿರಬಹುದು. ಬರಹದಲ್ಲಿ ಅದು ಬರದಿದ್ದರೂ ಪರವಾಗಿಲ್ಲ. ಈ ವಾರವೇ ತೋರಿಸಿ.

ಇಂತಿ,
ಸಂಪಾದಕ