ಥಾಯ್ಲೆಂಡ್ ಉಳಿದದ್ದು ಹೇಗೆ?

ಅಕ್ಕಪಕ್ಕದ ದೇಶಗಳೆಲ್ಲ ಬ್ರಿಟಿಷರ, ಫ್ರೆಂಚರ ಪಾಲಾದರೂ ಥಾಯ್ಲೆಂಡ್ ಮಾತ್ರ ಹೇಗೆ ಉಳಿಯಿತು, ರಾಜರ ಜಾಣತನವೇ ಕಾರಣವಾ ಅಂತ ಕೇಳಿದ್ದೀರಿ. ಜಾಣತನ ಇತ್ತು, ಆದರೆ ತೆತ್ತ ಬೆಲೆಯೂ ಜಾಸ್ತಿಯೇ.

1855ರಲ್ಲಿ ರಾಜ ಮೊಂಗ್‌ಕುಟ್ ಬ್ರಿಟಿಷರ ಜೊತೆ ಬೌರಿಂಗ್ ಒಪ್ಪಂದ ಮಾಡಿಕೊಂಡರು. ಆಮದು ಸುಂಕ ಶೇ. 3ಕ್ಕೆ ನಿಂತಿತು. ಬ್ರಿಟಿಷ್ ಪ್ರಜೆ ತಪ್ಪು ಮಾಡಿದರೂ ಸಯಾಮಿನ (ಥಾಯ್ಲೆಂಡಿನ ಆಗಿನ ಹೆಸರು) ಕೋರ್ಟು ಶಿಕ್ಷೆ ಕೊಡುವಂತಿರಲಿಲ್ಲ! 1893ರಲ್ಲಿ ಫ್ರೆಂಚ್ ಯುದ್ಧನೌಕೆಗಳು ನದಿ ಹಿಡಿದು ಬ್ಯಾಂಕಾಕ್‌ಗೇ ಬಂದು ನಿಂತವು. ರಾಜ ಚುಲಾಲಾಂಗ್‌ಕಾರ್ನ್ ಮೆಕಾಂಗ್ ನದಿಯ ಪೂರ್ವದಂಡೆಯನ್ನು, ಅಂದರೆ ಇವತ್ತಿನ ಲಾವೋಸಿನ ಬಹುಭಾಗವನ್ನು, ಬಿಟ್ಟುಕೊಡಬೇಕಾಯಿತು. 1907ರಲ್ಲಿ ಅಂಕೋರ್ ದೇವಾಲಯಗಳಿರುವ, ಇವತ್ತಿನ ಕಾಂಬೋಡಿಯಾದ ಸಿಯೆಮ್ ರೀಪ್ ಫ್ರೆಂಚರಿಗೆ, 1909ರಲ್ಲಿ ಇವತ್ತಿನ ಮಲೇಷ್ಯಾದ ಕೆಡಾ, ಕೆಲಾಂಟನ್ ಬ್ರಿಟಿಷರಿಗೆ.

ನನ್ನ ಪ್ರಕಾರ ದೊಡ್ಡ ಕಾರಣ ಬೇರೆ. ಅತ್ತ ಬರ್ಮಾದಲ್ಲಿ ಬ್ರಿಟಿಷರು, ಇತ್ತ ಇಂಡೋಚೈನಾದಲ್ಲಿ (ಇವತ್ತಿನ ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್) ಫ್ರೆಂಚರು. ಇಬ್ಬರಿಗೂ ನಡುವೆ ಒಂದು ತಡೆ ಬೇಕಿತ್ತು ಅಲ್ವಾ? 1896ರಲ್ಲಿ ಸಯಾಮಿನ ನಡುಭಾಗವಾದ ಚಾವೊ ಫ್ರಾಯಾ ನದಿಯ ಕಣಿವೆಗೆ ಸೇನೆ ನುಗ್ಗಿಸುವುದಿಲ್ಲ ಅಂತ ಅವರೇ ಪರಸ್ಪರ ಒಪ್ಪಿಕೊಂಡರು. ಸಯಾಮನ್ನು ಆ ಮಾತುಕತೆಗೆ ಸೇರಿಸಿಕೊಳ್ಳಲೂ ಇಲ್ಲ.