ಚಾನೆಲ್ ಹುಡುಕುವ ಬದಲು ಪಕ್ಕದ ತೋಟಕ್ಕೆ ಹೋಗಿ

ಊರಿಗೆ ಬಂದು ಅಪ್ಪನ ಅಡಿಕೆ ತೋಟ ನೋಡಿಕೊಳ್ಳಬೇಕು, ಮಳೆಗಾಲದಲ್ಲಿ ಕಾಯಿ ಕೊಳೆಸಿ ಉದುರಿಸುವ ಕೊಳೆ ರೋಗದ ಔಷಧಿ ಬಗ್ಗೆ ಯಾವ ಚಾನೆಲ್ ನಂಬಬಹುದು ಅಂತ ಕೇಳಿದ್ದೀರಿ. ಬೆಂಗಳೂರಿನ ಕೆಲಸ ಬಿಟ್ಟು ಶಿರಸಿ ಹತ್ತಿರದ ನಮ್ಮ ತೋಟಕ್ಕೆ ಬಂದಾಗ ನಾನೂ ಮೊದಲು ಹುಡುಕಿದ್ದು ಇದನ್ನೇ.

ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣದ ಲೆಕ್ಕ ಬಾಯಿಪಾಠ ಆಗಿತ್ತು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಎರಡನ್ನೂ ತಲಾ 50 ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯುತ್ತಾ ಕದಡಬೇಕು. ಕಬ್ಬಿಣದ ಪಾತ್ರೆ ಬೇಡ. ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೂ ಆ ವರ್ಷ ಫಸಲು ಕೈಬಿಟ್ಟಿತು.

ಕಾರಣ ಸುಣ್ಣ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೊಟ್ಟಿಗೆಯಲ್ಲಿ ಹಿಂದಿನ ವರ್ಷದ ಸುಣ್ಣದ ಚೀಲ ಇತ್ತು, ಬಾಯಿ ಬಿಚ್ಚಿದ್ದು. ಬಿಳಿ ಪುಡಿ, ನೋಡೋಕೆ ಚೆನ್ನಾಗೇ ಇತ್ತು. ತೂಗಿ ಲೆಕ್ಕ ತಪ್ಪದೆ ಹಾಕಿದೆ. ಆದರೆ ಗಾಳಿಗೆ ಬಿಟ್ಟ ಸುಣ್ಣದ ಖಾರ ಹೋಗುತ್ತದೆ. ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಹೀರಿ ಬರೀ ಚಾಕ್ ಪುಡಿ ಆಗಿಬಿಡುತ್ತದೆ. ತೂಕ ಇರುತ್ತದೆ, ಕೆಲಸ ಮಾಡುವುದಿಲ್ಲ. ಮೈಲುತುತ್ತಿನ ತಾಮ್ರವನ್ನು ಹಿಡಿದಿಡುವುದು ಸುಣ್ಣ. ಅದು ಸಾಲದೇ ಹೋದರೆ ಬಿಡಿ ತಾಮ್ರ ನೀರಿನಲ್ಲೇ ಉಳಿದು ಎಳೆ ಕಾಯಿಯನ್ನು ಸುಡುತ್ತದೆ. ನಮ್ಮಲ್ಲಿ ಆದದ್ದು ಅದೇ. ಜೋರು ಮಳೆ ಶುರುವಾಗುವ ಮೊದಲೇ ಮರದ ಬುಡದಲ್ಲೆಲ್ಲ ಕಾಯಿ. ನಾನು ಅದನ್ನೂ ಕೊಳೆ ಅಂದುಕೊಂಡು, ಮತ್ತೆ ಹುಡುಕಿ ಓದಿ, ಉಳಿದ ಅದೇ ಸುಣ್ಣದಲ್ಲಿ ಇನ್ನೊಮ್ಮೆ ಹೊಡೆಸಿದೆ.

ಪಕ್ಕದ ತೋಟದ ಅಜ್ಜ ಬಂದು ಉದುರಿದ ಕಾಯಿ ತಿರುಗಿಸಿ ನೋಡಿದರು. ಇದು ಕೊಳೆಯಲ್ಲ, ಕೊಳೆಯಾದರೆ ತೊಟ್ಟಿನ ಹತ್ತಿರ ನೀರು ನೀರಾಗಿ ಆಮೇಲೆ ಬಿಳಿ ಬೂಷ್ಟು ಹಿಡಿಯುತ್ತಿತ್ತು ಅಂದರು. ಆಮೇಲೆ ಕೇಳಿದ್ದು ಒಂದೇ. "ತಮಾ, ಸುಣ್ಣ ಯಾವಾಗ ತಂದಿದ್ದು?" ಸ್ವಲ್ಪ ದ್ರಾವಣ ಮಾಡಿಸಿ ಕತ್ತಿಯ ಅಲಗು ಅದ್ದಿ ಹಿಡಿದರು. ತೆಗೆದಾಗ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿತ್ತು. ಹೀಗೆ ಕೆಂಪಾಗುವುದು ನಿಲ್ಲುವ ತನಕ ಸುಣ್ಣದ ನೀರು ಸೇರಿಸಬೇಕಂತೆ.

ಕತ್ತಿ ಅದ್ದಿ ನೋಡುವುದು ಇಂಟರ್ನೆಟ್ಟಿನಲ್ಲೂ ಇದೆ. ಆದರೆ ನಾನು ಹುಡುಕಿದ್ದು ಎಷ್ಟು ಹಾಕಬೇಕು ಅಂತ, ಅದಕ್ಕೆ ಸರಿಯಾದ ಉತ್ತರವೇ ಸಿಕ್ಕಿತ್ತು. ಸುಣ್ಣ ಹಾಳಾಗುತ್ತದೆ ಅನ್ನುವುದೇ ಗೊತ್ತಿಲ್ಲದವನು ಏನಂತ ಹುಡುಕಬೇಕು ಹೇಳಿ? ಗೂಗಲ್ ಯಾವತ್ತೂ ನಿಮ್ಮ ಕೊಟ್ಟಿಗೆಯ ಚೀಲದ ಬಗ್ಗೆ ತಿರುಗಿ ಕೇಳುವುದಿಲ್ಲ, ಅಲ್ವಾ?

ಹಾಗಾಗಿ ಯಾವ ಚಾನೆಲ್ ಅನ್ನುವ ಪ್ರಶ್ನೆಯನ್ನೇ ಬಿಡಿ. ಮೊದಲೆಲ್ಲ ಕೊಳೆಗೆ ಅಡಿಕೆ ಕೊನೆಗಳಿಗೆ (ಗೊಂಚಲುಗಳಿಗೆ) ಮಳೆ ತಾಗದ ಹಾಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುತ್ತಿದ್ದರು. 1910ರ ಆಸುಪಾಸಿನಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ಬೋರ್ಡೋ ದ್ರಾವಣವನ್ನು ಅಡಿಕೆಗೆ ತಂದರು. ಅಲ್ಲಿಂದ ಇಲ್ಲಿಯ ತನಕ, ನೂರು ವರ್ಷಕ್ಕೂ ಜಾಸ್ತಿ, ಇದು ಬೆಳೆಗಾರರ ಕೈಯಲ್ಲಿ ಪಳಗಿದೆ. ಅದನ್ನು ಬಲ್ಲವರು ನಿಮ್ಮ ಬೇಲಿಯಾಚೆಗೇ ಇದ್ದಾರೆ. ಅವರನ್ನು ಫೋನಿನಲ್ಲಿ ಕೇಳಬೇಡಿ, ತೋಟಕ್ಕೆ ಕರೆದುಕೊಂಡು ಬನ್ನಿ. ಮರದ ಕೆಳಗೆ ನಿಂತಾಗಲೇ ಅವರಿಗೆ ಒಂದೊಂದೇ ನೆನಪಾಗುವುದು. ಮರ ಹತ್ತಿ ಔಷಧಿ ಹೊಡೆಯುವ ಒಳ್ಳೆ ಕೊನೆಗೌಡರನ್ನು ಗೊತ್ತು ಮಾಡಿ. ಕೂಲಿ ಕೊಟ್ಟು ಸುಮ್ನೆ ಮನೆಯಲ್ಲಿ ಕೂರಬೇಡಿ, ದ್ರಾವಣ ಕದಡುವಾಗಿಂದ ಜೊತೆಗೇ ಇರಿ. ಊರಲ್ಲಿ ಯಾರಿಗೂ ಗುರುತು ಸಿಗದ ರೋಗ ಕಂಡರೆ ದಕ್ಷಿಣ ಕನ್ನಡದ ವಿಟ್ಲದಲ್ಲಿರುವ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರಕ್ಕೆ ಕಾಯಿ, ಎಲೆ ತೆಗೆದುಕೊಂಡು ಹೋಗಿ. ಅಲ್ಲಿರುವವರದ್ದೂ ಅಡಿಕೆಯದೇ ಕೆಲಸ. ರೇಟು, ಮಳೆ ನೋಡೋಕೆ ಫೋನು ಇದ್ದೇ ಇದೆ.

ಮೇ ಕೊನೆ ಬಂತು ಅಂದರೆ ಕೊನೆಗೌಡರು ಸಿಗುವುದು ಬಹಳ ಕಷ್ಟ. ಈಗಲೇ ಮಾತಾಡಿ ಇಟ್ಟುಕೊಳ್ಳಿ. ಸುಣ್ಣ ಮಾತ್ರ ಔಷಧಿ ಹೊಡೆಸುವ ವಾರವೇ ತನ್ನಿ.